ಮೊದಲು ಸೈಕಲ್ ಟ್ರ್ಯಾಕೋ, ಬಸ್ಸೋ, ಮೆಟ್ರೊವೋ? ತುಮಕೂರಿನ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ತುಮಕೂರಿನ ಮರಳೂರು ಕಡೆಯವಳು. ಕೆಲಸ ಯಶವಂತಪುರದಲ್ಲಿ, ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಮನೆಯಿಂದ ರೈಲ್ವೆ ಸ್ಟೇಷನ್ನಿಗೆ ಮೂರು ಕಿಲೋಮೀಟರ್ ಒಳಗೇ ಇದೆ. ಆದರೂ ಸ್ಕೂಟರ್ ತೆಗೆಯದೆ ವಿಧಿಯಿಲ್ಲ. ಸಿಟಿ ಬಸ್ ಯಾವಾಗ ಬರುತ್ತದೋ ಗೊತ್ತಾಗುವುದಿಲ್ಲ, ನಡೆಯೋಣ ಅಂದರೆ ದಾರಿ ಸರಿಯಿಲ್ಲ. ನಮ್ಮ ಬಡಾವಣೆಯ ಸಂಘದವರು ಪಾಲಿಕೆಗೆ ಮನವಿ ಕೊಡಲು ಹೊರಟಿದ್ದಾರೆ. ಸೈಕಲ್ ಟ್ರ್ಯಾಕ್ ಕೇಳೋಣ ಅಂತ ಕೆಲವರು, ಬಸ್ ಜಾಸ್ತಿ ಮಾಡಿಸೋಣ ಅಂತ ಕೆಲವರು, ಮೆಟ್ರೊ ಬರುತ್ತಲ್ಲ ಸುಮ್ಮನಿರಿ ಅಂತ ಇನ್ನು ಕೆಲವರು. ಯಾವುದನ್ನು ಮೊದಲು ಕೇಳಬೇಕು? ನಾನು ಈಗಲೇ ಒಂದು ಸೈಕಲ್ ತೆಗೆದುಕೊಂಡರೆ ಉಪಯೋಗವಾಗುತ್ತಾ?

ಉತ್ತರ: ಮೊದಲು ಕೇಳಬೇಕಾದ್ದು ಈ ಮೂರರಲ್ಲಿ ಯಾವುದೂ ಅಲ್ಲ. ನಿಮ್ಮ ಮನೆಗೆ ಹತ್ತಿರದ ಒಂದೇ ಒಂದು ಬಸ್ ಸ್ಟಾಪ್ ಆರಿಸಿಕೊಳ್ಳಿ. ಅದರ ಸುತ್ತ ಅರ್ಧ ಕಿಲೋಮೀಟರ್ ದೂರದವರೆಗೆ ವಯಸ್ಸಾದವರೂ ರಸ್ತೆಗಿಳಿಯದೆ ನಡೆದು ಬರುವಂಥ ಫುಟ್‌ಪಾತ್, ಸ್ಟಾಪಿನ ಪಕ್ಕದಲ್ಲೇ ಭಯವಿಲ್ಲದೆ ರಸ್ತೆ ದಾಟುವ ಜಾಗ, ರೈಲಿನ ವೇಳೆಗೆ ಹೊಂದುವ ಬಸ್ಸು, ಸ್ಟೇಷನ್ ಬಾಗಿಲಲ್ಲಿ ಸೈಕಲ್ ಬೀಗ ಹಾಕಿ ನಿಲ್ಲಿಸುವ ಜಾಗ. ಮನವಿಯಲ್ಲಿ ಇಷ್ಟೇ ಇರಲಿ. ಟ್ರ್ಯಾಕು, ಹೆಚ್ಚು ಬಸ್ಸು, ಮೆಟ್ರೊ ಬೇಡವೆಂದಲ್ಲ. ಇವೆಲ್ಲ ಒಂದಕ್ಕೊಂದು ಸೇರುವ ಜಾಗವೇ ಕೆಟ್ಟಿದ್ದರೆ, ಮೂರಕ್ಕೂ ಸುರಿದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮೆಟ್ರೊ ವಿಷಯ ಬೇಗ ಮುಗಿಸಿಬಿಡುತ್ತೇನೆ. ಬೆಂಗಳೂರು ಮೆಟ್ರೊದ ಹಸಿರು ಮಾರ್ಗ 2024ರ ನವೆಂಬರಿನಲ್ಲಿ ಮಾದಾವರದ ತನಕ ಬಂತು. ಅಲ್ಲಿಂದ ತುಮಕೂರಿಗೆ ಇನ್ನೂ 50 ಕಿಲೋಮೀಟರ್ ದಾಟುತ್ತದೆ. ಅಷ್ಟು ದೂರ ಮೆಟ್ರೊ ಎಳೆಯಬೇಕೇ ಎಂಬುದು ಬೇರೆ ಚರ್ಚೆ. ಎಳೆದರೂ ಅದು ಮರಳೂರಿನ ಓಣಿಗೆ ಬರುವುದಿಲ್ಲ. ನಿಮಗೆ ಇದೇ ಎರಡು ಮೂರು ಕಿಲೋಮೀಟರ್ ಉಳಿದೇ ಇರುತ್ತದೆ. ಮೆಟ್ರೊಗೆ ಕಾಯುವವರಿಗೆ ನನ್ನದೊಂದೇ ಪ್ರಶ್ನೆ: ಈಗ ಇರುವ ರೈಲಿಗೆ ಸ್ಕೂಟರ್ ಇಲ್ಲದೆ ತಲುಪಲು ಬರುತ್ತದೆಯೇ?

ಈಗ ನಿಮ್ಮ ಮೂರು ಕಿಲೋಮೀಟರ್ ಲೆಕ್ಕ ಹಾಕೋಣ. ನಡೆದರೆ ಮೂವತ್ತೈದರಿಂದ ನಲವತ್ತು ನಿಮಿಷ. ಸಾಧಾರಣ ಸೈಕಲ್‌ನಲ್ಲಿ, ಬೆವರದಂತೆ ತುಳಿದರೂ ಹದಿನೈದು ನಿಮಿಷದೊಳಗೆ. ಸ್ಕೂಟರ್‌ನಲ್ಲಿ ಹತ್ತು ನಿಮಿಷ, ಅದರ ಮೇಲೆ ಸ್ಟ್ಯಾಂಡಿನಲ್ಲಿ ಜಾಗ ಹುಡುಕುವ ಹೊತ್ತು. ಬಸ್ಸಿನೊಳಗೆ ಕೂತಿರುವುದೂ ಹತ್ತು ಹನ್ನೆರಡು ನಿಮಿಷವೇ. ಆದರೆ ಅರ್ಧ ಗಂಟೆಗೊಂದು ಬಸ್ಸಾದರೆ, ವೇಳೆ ಗೊತ್ತಿಲ್ಲದೆ ಹೋಗಿ ನಿಂತವರು ಸರಾಸರಿ ಹದಿನೈದು ನಿಮಿಷ ಕಾಯುತ್ತಾರೆ. ಸ್ಟಾಪಿಗೆ ನಡೆಯಲು ಐದಾರು ನಿಮಿಷ. ರೈಲು ತಪ್ಪೀತೆಂಬ ಭಯಕ್ಕೆ ಇನ್ನೊಂದು ಹತ್ತು ನಿಮಿಷ ಮುಂಚೆ ಹೊರಡಬೇಕು. ಎಲ್ಲ ಸೇರಿದರೆ ಬಸ್ಸು ನಡಿಗೆಗಿಂತ ನಿಧಾನವಾಗುತ್ತದೆ.

ಇಲ್ಲೊಂದು ಸಂಗತಿ ಗಮನಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಬಿಟ್ಟಿ ಬಸ್ಸು ಬಿಟ್ಟು ಪೆಟ್ರೋಲ್ ಸುಟ್ಟುಕೊಂಡು ಹೋಗುತ್ತಿದ್ದೀರಿ ಅಂದರೆ ತೊಡಕು ದರದ್ದಲ್ಲ, ಕಾಯುವುದರದ್ದು ಮತ್ತು ನಡೆಯುವುದರದ್ದು. ನಮ್ಮಲ್ಲಿ ಬಸ್ಸಿನ ಚರ್ಚೆ ಎಂದರೆ ಎಷ್ಟು ಹೊಸ ಬಸ್ ಬಂತು ಎಂಬ ಲೆಕ್ಕ. ಸ್ಟಾಪಿಗೆ ಬರುವ ದಾರಿಯ ಬಗ್ಗೆ ಸಭೆಯಲ್ಲಿ ಮಾತಾಡುವವರು ಕಡಿಮೆ.

ಬಿ.ಎಚ್. ರಸ್ತೆಯ ಕಾಲೇಜುಗಳ ಎದುರಿನ ಯಾವುದಾದರೂ ಸ್ಟಾಪಿನಲ್ಲಿ ಬೆಳಿಗ್ಗೆ ಎಂಟೂವರೆಗೆ ಹೋಗಿ ನಿಂತು ನೋಡಿ. ಬಸ್ಸಿಗೆಂದು ರಸ್ತೆಯ ಅಂಚು ಒಳಕ್ಕೆ ಕೊರೆದು ಬೇ ಮಾಡಿದ್ದರೆ ಅಲ್ಲಿ ಎರಡು ಆಟೊ, ನಾಲ್ಕಾರು ಬೈಕು, ಒಂದು ಹಣ್ಣಿನ ಗಾಡಿ ಇರುತ್ತದೆ. ಬಸ್ಸು ರಸ್ತೆ ಮಧ್ಯದಲ್ಲೇ ನಿಲ್ಲುತ್ತದೆ. ಗುಬ್ಬಿ, ಕೊರಟಗೆರೆ, ಕುಣಿಗಲ್ ಕಡೆಯಿಂದ ಪಾಸ್ ಹಿಡಿದು ಬಂದ ಹುಡುಗರು ಹುಡುಗಿಯರು ಬಸ್ಸಿಗೂ ಫುಟ್‌ಪಾತಿಗೂ ನಡುವೆ ನುಗ್ಗುವ ಟೂ ವೀಲರ್‌ಗಳನ್ನು ತಪ್ಪಿಸಿಕೊಂಡು ಇಳಿಯುತ್ತಾರೆ. ಎದುರು ಬದಿಯ ಕಾಲೇಜಿಗೆ ಹೋಗಬೇಕಾದವರು ಡಿವೈಡರ್ ಹತ್ತುತ್ತಾರೆ. ಡಿವೈಡರಿನಲ್ಲಿ ಬಾಯಿ ಬಿಟ್ಟಿರುವುದು ಗಾಡಿ ಯೂ ಟರ್ನ್ ತೆಗೆದುಕೊಳ್ಳುವ ಕಡೆ, ಜನ ದಾಟುವ ಕಡೆಯಲ್ಲ. ಮಕ್ಕಳಿಗೆ ಶಿಸ್ತಿಲ್ಲ ಅಂತ ಬೈಯುವುದು ಸುಲಭ. ಸ್ಟಾಪ್ ಇಲ್ಲಿಟ್ಟು, ದಾಟುವ ಜಾಗ ಮುನ್ನೂರು ಮೀಟರ್ ಆಚೆ ಇಟ್ಟವರನ್ನು ಯಾರೂ ಬೈಯುವುದಿಲ್ಲ.

ಬಸ್ ಬೇ ಬಗ್ಗೆ ಒಂದು ಮಾತು, ಯಾಕೆಂದರೆ ನಿಮ್ಮ ಸಂಘದವರು ಅದನ್ನೂ ಕೇಳಿಬಿಡಬಹುದು. ಊರೊಳಗಿನ ರಸ್ತೆಗೆ ಬೇ ಬೇಡ. ಅದು ಫುಟ್‌ಪಾತನ್ನು ತಿನ್ನುತ್ತದೆ, ಅದೂ ಹೆಚ್ಚು ಜನ ನಿಲ್ಲುವ ಜಾಗದಲ್ಲೇ. ಒಳಗೆ ಹೋದ ಬಸ್ಸಿಗೆ ಮತ್ತೆ ಹೊರಗೆ ಬರಲು ಯಾರೂ ದಾರಿ ಬಿಡುವುದಿಲ್ಲವಾದ್ದರಿಂದ ಡ್ರೈವರ್ ಒಳಗೆ ಹೋಗುವುದೇ ಇಲ್ಲ. ಇದಕ್ಕೆ ತಿರುವು ಮುರುವು ಮಾಡಬೇಕು: ರಸ್ತೆಯ ಅಂಚಿನಲ್ಲಿ ಗಾಡಿ ನಿಲ್ಲಿಸುವ ಪಟ್ಟಿ ಇದ್ದರೆ ಸ್ಟಾಪಿನ ಹತ್ತಿರ ಫುಟ್‌ಪಾತನ್ನೇ ಆ ಪಟ್ಟಿಯ ಮೇಲೆ ಮುಂದಕ್ಕೆ ಚಾಚಬೇಕು. ಬಸ್ಸು ತನ್ನ ಸಾಲಿನಲ್ಲೇ ನೇರವಾಗಿ ನಿಲ್ಲುತ್ತದೆ, ಮೆಟ್ಟಿಲು ಫುಟ್‌ಪಾತಿಗೆ ತಾಗುತ್ತದೆ, ಬೈಕು ನುಸುಳಲು ಸಂದಿ ಇರುವುದಿಲ್ಲ. ಹಿಂದಿನ ಗಾಡಿಗಳು ಹದಿನೈದಿಪ್ಪತ್ತು ಸೆಕೆಂಡ್ ಕಾಯಬೇಕಾಗುತ್ತದೆ, ಕಾಯಲಿ. ಐವತ್ತು ಜನ ಕೂತ ಬಸ್ಸಿಗೆ ಒಬ್ಬ ಕೂತ ಕಾರು ಅಷ್ಟು ಬಿಟ್ಟುಕೊಡುವುದು ಅನ್ಯಾಯವಲ್ಲ. ಗಾಡಿಗಳಿಗಿಂತ ಜನರನ್ನು ಸಾಗಿಸುವುದು ಮುಖ್ಯ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ.

ಸ್ಟಾಪ್ ಇರಬೇಕಾದ್ದು ಸರ್ಕಲ್ ದಾಟಿದ ಮೇಲೆ, ಮುಂಚೆಯಲ್ಲ. ಮುಂಚೆ ಇದ್ದರೆ ಎಡಕ್ಕೆ ತಿರುಗುವ ಗಾಡಿಗಳೆಲ್ಲ ಬಸ್ಸಿನ ಹಿಂದೆ ಸಿಕ್ಕಿಕೊಂಡು ಹಾರ್ನ್ ಬಾರಿಸುತ್ತವೆ, ಇಳಿದವರು ಬಸ್ಸಿನ ಮುಂದಿನಿಂದ ಕಣ್ಣಿಗೆ ಕಾಣದ ಕಡೆಗೆ ರಸ್ತೆ ದಾಟುತ್ತಾರೆ. ದಾಟಿದ ಮೇಲೆ ಇದ್ದರೆ ಜನ ಬಸ್ಸಿನ ಹಿಂದಿನಿಂದ ಸರ್ಕಲ್ಲಿಗೆ ಬಂದು, ಬರುವ ಗಾಡಿ ನೋಡಿಕೊಂಡು ದಾಟಬಹುದು. ಆಟೊಗಳಿಗೂ ಜಾಗ ಗುರುತು ಮಾಡಿಕೊಡಿ, ಸ್ಟಾಪಿನ ಮುಂದುಗಡೆ, ಬಸ್ಸು ನಿಲ್ಲುವ ಜಾಗದ ಆಚೆಗೆ. ಆಟೊದವರನ್ನು ಓಡಿಸಿ ಸಾರಿಗೆ ಸರಿಮಾಡಿದ ಊರು ನಾನು ನೋಡಿಲ್ಲ. ರಾತ್ರಿ ಕೊನೆಯ ರೈಲಿಗೆ ಇಳಿದವರನ್ನು ಮನೆ ಮುಟ್ಟಿಸುವವರು ಅವರೇ.

ದಾಟುವ ಜಾಗಕ್ಕೆ ಬಿಳಿ ಪಟ್ಟೆ ಬಳಿದರೆ ಸಾಲದು, ಪಟ್ಟೆಗೆ ನಮ್ಮಲ್ಲಿ ಯಾರೂ ನಿಲ್ಲಿಸುವುದಿಲ್ಲ. ಫುಟ್‌ಪಾತಿನ ಎತ್ತರಕ್ಕೇ ರಸ್ತೆಯನ್ನು ಅಗಲವಾಗಿ ಎತ್ತರಿಸಿ, ಎರಡು ಕಡೆ ಇಳಿಜಾರು ಕೊಟ್ಟರೆ ಗಾಡಿ ತಾನಾಗಿ ನಿಧಾನವಾಗುತ್ತದೆ. ನಡೆಯುವವರು ಇಳಿದು ಹತ್ತುವ ಪ್ರಮೇಯವಿಲ್ಲ. ಹಂಪ್ಸ್ ಅಂತ ಹಾಕಿ ಸೊಂಟ ಮುರಿಯುವ ಟಾರಿನ ದಿಬ್ಬ ಬೇರೆ, ಇದು ಬೇರೆ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಗಾಡಿಯ ವೇಗ ಹೆಚ್ಚಿದಷ್ಟೂ ಬಡಿದಾಗ ಬದುಕುವ ಸಾಧ್ಯತೆ ಕುಸಿಯುತ್ತದೆ. ಹಾಗಾಗಿ ಬಸ್ ಸ್ಟಾಪಿನ ಹತ್ತಿರ ಗಾಡಿಗಳನ್ನು ಗಂಟೆಗೆ 30 ಕಿಲೋಮೀಟರಿಗೆ ಇಳಿಸುವುದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಬೋರ್ಡ್ ಹಾಕಿದರೆ ಅದು ಆಗುವುದಿಲ್ಲ, ರಸ್ತೆಯ ಆಕಾರ ಬದಲಾಗಬೇಕು.

ಫುಟ್‌ಪಾತಿಗೆ ಬರೋಣ. ಸ್ಮಾರ್ಟ್ ಸಿಟಿ ಯೋಜನೆಗೆ ತುಮಕೂರು 2016ರಲ್ಲಿ ಆಯ್ಕೆಯಾಯಿತು. ವರ್ಷಗಟ್ಟಲೆ ರಸ್ತೆ ಅಗೆದದ್ದನ್ನು ನೀವೆಲ್ಲ ಅನುಭವಿಸಿದ್ದೀರಿ, ಆ ಕಥೆ ನಾನು ಹೇಳಬೇಕಿಲ್ಲ. ರಸ್ತೆಗಳು ಹೇಗಿರಬೇಕೆಂದು ಮಾನದಂಡ ಹಾಕುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್. ಅದರ ನಡಿಗೆದಾರಿ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಕಂಬ, ಮರ, ಪೆಟ್ಟಿಗೆ ಎಲ್ಲ ಬಿಟ್ಟು ಕನಿಷ್ಠ 1.8 ಮೀಟರ್ ತೆರವಾಗಿರಬೇಕು. ರಸ್ತೆಯಿಂದ ಎತ್ತರ 15 ಸೆಂಟಿಮೀಟರ್ ಮೀರಬಾರದು. ನಮ್ಮಲ್ಲಿ ಫುಟ್‌ಪಾತ್ ಎಂದರೆ ಚರಂಡಿಯ ಮೇಲಿನ ಚಪ್ಪಡಿ. ಚರಂಡಿಯ ಮಟ್ಟ ಎಲ್ಲಿಗೆ ಬರುತ್ತದೋ ಅದೇ ಫುಟ್‌ಪಾತಿನ ಮಟ್ಟ. ಒಂದಡಿ ಎತ್ತರವಾದರೂ ಸರಿಯೇ. ಆಮೇಲೆ ಪ್ರತಿ ಅಂಗಡಿ, ಪ್ರತಿ ಮನೆಯವರು ಗಾಡಿ ಹತ್ತಿಸಲು ತಮ್ಮದೇ ಇಳಿಜಾರು ಕಟ್ಟುತ್ತಾರೆ. ಅಲ್ಲಿ ನಡೆಯುವವರು ಹತ್ತಿ ಇಳಿದು, ಹತ್ತಿ ಇಳಿದು, ನಾಲ್ಕನೇ ಅಂಗಡಿಗೆ ಬೇಸತ್ತು ರಸ್ತೆಗೇ ಬಂದುಬಿಡುತ್ತಾರೆ. ಅಧಿಕಾರಿಗಳು ಅದನ್ನು ನೋಡಿ, ಫುಟ್‌ಪಾತ್ ಮಾಡಿಕೊಟ್ಟರೂ ಜನ ಬಳಸುವುದಿಲ್ಲ ಎಂದು ಬರೆಯುತ್ತಾರೆ. ಪರಿಹಾರ ಸರಳ: ಫುಟ್‌ಪಾತ್ ಸಮತಟ್ಟಾಗಿ ಮುಂದುವರಿಯಬೇಕು, ಗೇಟಿನ ಮುಂದೆ ಹತ್ತಿ ಇಳಿಯಬೇಕಾದ್ದು ಕಾರು.

ಬೀದಿ ವ್ಯಾಪಾರಿಗಳನ್ನು ತೆಗೆಸಿ ಎಂದು ಮಾತ್ರ ಮನವಿಯಲ್ಲಿ ಬರೆಯಬೇಡಿ. 2014ರ ಕಾಯ್ದೆ ಅವರಿಗೆ ರಕ್ಷಣೆ ಕೊಟ್ಟಿದೆ, ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಜಾಗ ಗುರುತಿಸಬೇಕೆಂದು ಹೇಳಿದೆ. ಅದಕ್ಕಿಂತ ಮುಖ್ಯವಾಗಿ, ಸಂಜೆ ಏಳರ ಮೇಲೆ ನೀವೊಬ್ಬರೇ ಸ್ಟಾಪಿನಲ್ಲಿ ನಿಂತಾಗ ಜೊತೆಗೆ ಬೆಳಕು, ಮನುಷ್ಯರ ಸದ್ದು ಇರುವುದು ಆ ಹೂವಿನವಳು, ಕಡಲೆಕಾಯಿಯವನು ಇರುವುದರಿಂದಲೇ. ನಡೆಯಲು 1.8 ಮೀಟರ್ ಬಿಟ್ಟು ಉಳಿದ ಪಟ್ಟಿಯಲ್ಲಿ ಅವರಿಗೆ ಗೆರೆ ಹಾಕಿಕೊಟ್ಟರೆ ಇಬ್ಬರಿಗೂ ನಡೆಯುತ್ತದೆ. ಫುಟ್‌ಪಾತಿನ ನಿಜವಾದ ಒತ್ತುವರಿದಾರರು ನಿಂತ ಬೈಕುಗಳು.

ರೈಲು ಹಳಿಯ ಆಚೆಗಿನ ಬಡಾವಣೆಗಳಿಗೆ ಇನ್ನೊಂದು ಕಷ್ಟ ಇದೆ, ಅಂಡರ್‌ಪಾಸ್. ಶೆಟ್ಟಿಹಳ್ಳಿ, ಉಪ್ಪಾರಹಳ್ಳಿ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಊರುಗಳಲ್ಲಿ ಲಾರಿ ಹೋಗುವಷ್ಟು ಎತ್ತರ ಬೇಕೆಂದು ರಸ್ತೆಯನ್ನು ಆಳಕ್ಕೆ ಇಳಿಸುತ್ತಾರೆ, ಅದೇ ಆಳಕ್ಕೆ ನಡೆಯುವವರನ್ನೂ ಸೈಕಲ್‌ನವರನ್ನೂ ಇಳಿಸುತ್ತಾರೆ. ಮಳೆ ಬಂದರೆ ಮೊದಲು ನೀರು ನಿಲ್ಲುವುದು ಅಲ್ಲೇ. ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ತಲೆಯ ಮೇಲೆ ಎರಡೂವರೆ ಮೀಟರ್ ಇದ್ದರೆ ಸಾಕು. ಆದ್ದರಿಂದ ಅವರ ದಾರಿಯನ್ನು ಒಂದು ಬದಿಗೆ ಗಾಡಿ ರಸ್ತೆಗಿಂತ ಒಂದೂವರೆ, ಎರಡು ಮೀಟರ್ ಮೇಲೆಯೇ ಕಟ್ಟಬಹುದು. ಅಷ್ಟು ಕಡಿಮೆ ಇಳಿದು ಅಷ್ಟು ಕಡಿಮೆ ಹತ್ತಿದರೆ ಮಂಡಿಗೂ ಸುಖ, ಸೈಕಲ್ಲಿಗೂ ಸುಖ. ಕೆಳಗೆ ನೀರು ನಿಂತರೂ ಚಪ್ಪಲಿ ಒದ್ದೆಯಾಗುವುದಿಲ್ಲ. ಕಟ್ಟಿದ ಮೇಲೆ ಇದನ್ನು ಸೇರಿಸುವುದು ಕಷ್ಟ, ನಕ್ಷೆಯಲ್ಲಿದ್ದಾಗ ಸುಲಭ. ತುಮಕೂರಿನಿಂದ ರಾಯದುರ್ಗಕ್ಕೆ, ದಾವಣಗೆರೆಗೆ ಹೊಸ ಹಳಿ ಹಾಕುವ ಕೆಲಸಗಳಿವೆ. ಹಳಿ ಊರ ರಸ್ತೆಗಳನ್ನು ದಾಟುವ ಪ್ರತಿ ಕಡೆಯೂ ಈ ಪ್ರಶ್ನೆಯನ್ನು ಈಗಲೇ ಎತ್ತಬೇಕು.

ಸೈಕಲ್ ಟ್ರ್ಯಾಕನ್ನು ಮೊದಲು ಕೇಳಬೇಡಿ ಅಂತ ನಾನು ಹೇಳಿದ್ದು ಯಾಕೆ? ಟ್ರ್ಯಾಕ್ ಬೇಕಾಗುವುದು ಗಾಡಿಗಳು ಜೋರಾಗಿ ಓಡುವ ಅಗಲ ರಸ್ತೆಗೆ: ರಿಂಗ್ ರೋಡು, ಕುಣಿಗಲ್ ರಸ್ತೆ, ಬಿ.ಎಚ್. ರಸ್ತೆಯ ಅಗಲವಾದ ಭಾಗ. ಅಲ್ಲಿಯೂ ಬಣ್ಣದ ಗೆರೆ ಹಾಕಿದರೆ ಅದು ಪಾರ್ಕಿಂಗ್ ಆಗುತ್ತದೆ, ಬೆಂಗಳೂರಿನ ಜಯನಗರದಲ್ಲಿ ಆಗಿದ್ದೇ ಅದು. ಎತ್ತರಿಸಿದ ಅಂಚು, ಕನಿಷ್ಠ ಎರಡು ಮೀಟರ್ ಅಗಲ, ಸರ್ಕಲ್ ಬಂದಾಗ ಮಾಯವಾಗದೆ ದಾಟಿ ಮುಂದುವರಿಯುವ ದಾರಿ ಇದ್ದರೆ ಮಾತ್ರ ಅದು ಟ್ರ್ಯಾಕು. ಬಸ್ ಸ್ಟಾಪ್ ಬಂದಲ್ಲಿ ಟ್ರ್ಯಾಕ್ ಸ್ಟಾಪಿನ ಹಿಂದಿನಿಂದ ಹೋಗಬೇಕು. ಚಿಕ್ಕಪೇಟೆ, ಹೊರಪೇಟೆಯಂಥ ಹಳೆ ಬೀದಿಗಳಲ್ಲಿ ಟ್ರ್ಯಾಕಿಗೆ ಜಾಗವೂ ಇಲ್ಲ, ಅಗತ್ಯವೂ ಇಲ್ಲ. ಅಲ್ಲಿ ಎಲ್ಲರೂ ನಿಧಾನ ಹೋದರೆ ಸೈಕಲ್ಲು ಎಲ್ಲರ ನಡುವೆಯೇ ಹೋಗುತ್ತದೆ. ಬಡಾವಣೆಯ ಒಳರಸ್ತೆಗಳನ್ನು ಅಡ್ಡಹಾದಿಯಾಗಿ ಬಳಸುವ ಕಾರುಗಳಿಗೆ ಒಂದೆರಡು ಕಡೆ ಕಂಬ ನೆಟ್ಟು ತಡೆದು, ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟರೆ ನಿಮ್ಮ ಮನೆಯಿಂದ ಸ್ಟೇಷನ್ನಿನವರೆಗೆ ಹೆಚ್ಚು ಭಾಗ ದಾರಿ ಸಿಕ್ಕಂತಾಯಿತು. ಒಂದು ಟ್ರ್ಯಾಕಿನ ಖರ್ಚಿನಲ್ಲಿ ಇಂಥ ಹತ್ತಾರು ಬೀದಿ ಮಾಡಬಹುದು.

ಸೈಕಲ್ಲಿಗಾಗಿ ಇಷ್ಟು ವಾದಿಸುವುದಕ್ಕೆ ಒಂದು ಲೆಕ್ಕವಿದೆ. ಸ್ಟೇಷನ್ನಿಗೆ ಜನ ಅರ್ಧ ಕಿಲೋಮೀಟರ್ ನಡೆದು ಬರುತ್ತಾರೆ ಅಂದುಕೊಳ್ಳಿ. ಸೈಕಲ್‌ನಲ್ಲಿ ಎರಡೂವರೆ ಕಿಲೋಮೀಟರಿನಿಂದ ಬರುತ್ತಾರೆ. ದೂರ ಐದರಷ್ಟಾದರೆ ಸುತ್ತಲ ಪ್ರದೇಶ ಇಪ್ಪತ್ತೈದರಷ್ಟಾಗುತ್ತದೆ. ತುಮಕೂರಿನ ಹಳೆಯ ಊರಿನ ಬಹುಭಾಗ ಆ ವೃತ್ತದೊಳಗೆ ಬರುತ್ತದೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ರೈಲು ನಿಲ್ದಾಣದಲ್ಲಿ 12,500 ಸೈಕಲ್ ನಿಲ್ಲಿಸುವ ಜಾಗ ಕಟ್ಟಿದ್ದಾರೆ, ರೈಲಿಗೆ ಜನ ಸಿಗುವುದೇ ಸೈಕಲ್ಲಿನಿಂದ ಎಂದು ಅವರಿಗೆ ಗೊತ್ತು. ನಮಗೆ ಅಷ್ಟು ಬೇಡ. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ. ಹತ್ತು ಕಾರಿನ ಜಾಗ ಕೊಟ್ಟರೆ ನೂರು ಸೈಕಲ್.

ಆ ನೂರನ್ನು ಹೇಗೆ ನಿಲ್ಲಿಸುತ್ತೀರಿ ಎಂಬುದರಲ್ಲಿ ಎಲ್ಲ ಇದೆ. ಗಾಲಿಯೊಂದನ್ನೇ ಸಿಕ್ಕಿಸುವ ಕಬ್ಬಿಣದ ಸರಳಿನ ಸ್ಟ್ಯಾಂಡ್ ತರಿಸಿದರೆ, ಪಕ್ಕದ ಸೈಕಲ್ ಬಿದ್ದಾಗ ರಿಮ್ ಬಾಗುತ್ತದೆ, ಬೀಗ ಗಾಲಿಗೆ ಮಾತ್ರ ಬೀಳುತ್ತದೆ. ತಲೆಕೆಳಗಾದ ಯು ಆಕಾರದ ದಪ್ಪ ಪೈಪು, ಸುಮಾರು ಮುಕ್ಕಾಲು ಮೀಟರ್ ಎತ್ತರ, ಒಂದಕ್ಕೊಂದು ಒಂದು ಮೀಟರ್ ದೂರ, ಕಾಂಕ್ರೀಟಿನಲ್ಲಿ ಊರಿದ್ದು ಹಾಕಿಸಿ. ಒಂದು ಪೈಪಿಗೆ ಎರಡು ಸೈಕಲ್ಲು, ಫ್ರೇಮಿಗೂ ಗಾಲಿಗೂ ಸೇರಿಸಿ ಬೀಗ. ಮೇಲೆ ಶೀಟು, ಒಂದು ದೀಪ. ಜಾಗ ಟಿಕೆಟ್ ಕೌಂಟರಿಗೆ ಕಾಣುವಂತಿರಲಿ, ಸ್ಕೂಟರ್ ಸ್ಟ್ಯಾಂಡಿನ ಕೊನೆಯ ಮೂಲೆಯಲ್ಲಿ ಬೇಡ. ವರ್ಷಗಟ್ಟಲೆ ಯಾರೂ ಮುಟ್ಟದ ಸೈಕಲ್ ಅಲ್ಲೇ ಬಿದ್ದಿದ್ದರೆ ಚೀಟಿ ಅಂಟಿಸಿ ತಿಂಗಳಾದ ಮೇಲೆ ತೆಗೆಯುವ ಪದ್ಧತಿಯೂ ಬೇಕು, ಇಲ್ಲವಾದರೆ ಅರ್ಧ ಜಾಗ ತುಕ್ಕಿಗೆ ಹೋಗುತ್ತದೆ.

ಬಾಡಿಗೆ ಸೈಕಲ್ ಯೋಜನೆಯನ್ನು ಯಾರಾದರೂ ಸೂಚಿಸಿದರೆ ಈಗ ಬೇಡ ಅನ್ನಿ. ಮೈಸೂರಿನಲ್ಲಿ 2017ರ ಜೂನ್ ತಿಂಗಳಲ್ಲಿ ಟ್ರಿಣ್ ಟ್ರಿಣ್ ಶುರುವಾಯಿತು, 450 ಸೈಕಲ್ಲು, 48 ನಿಲುಗಡೆ. ಅದು ಒಳ್ಳೆಯ ಪ್ರಯತ್ನ, ಮೈಸೂರಿನ ಅಗಲ ರಸ್ತೆ, ಪ್ರವಾಸಿಗರು ಎಲ್ಲ ಅದಕ್ಕೆ ಕೂಡಿಬಂದವು. ನಡೆಸಲು ವರ್ಷ ವರ್ಷವೂ ದುಡ್ಡು ಬೇಕು. ಸ್ವಂತ ಸೈಕಲ್ ಇಟ್ಟುಕೊಂಡವರಿಗೆ ಭದ್ರ ಜಾಗ ಕೊಡದೆ ಬಾಡಿಗೆ ಸೈಕಲ್ಲಿಗೆ ಹೋಗುವುದು ನನಗೆ ಸರಿಕಾಣುವುದಿಲ್ಲ. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ವರ್ಷಗಳ ಕಾಲ ಸೈಕಲ್ ಕೊಟ್ಟಿತ್ತು, ಎಷ್ಟೋ ಮನೆಯಲ್ಲಿ ಅವು ಇನ್ನೂ ಗೋಡೆಗೊರಗಿ ನಿಂತಿವೆ.

ಬಸ್ಸಿನ ವಿಷಯದಲ್ಲಿ ಇನ್ನೂ ನಾಲ್ಕು ಬಸ್ ಕೊಡಿ ಅಂತ ಕೇಳುವುದಕ್ಕಿಂತ, ಇರುವುದನ್ನು ರೈಲಿಗೆ ಹೊಂದಿಸಿ ಅಂತ ಕೇಳಿ. ಬೆಳಿಗ್ಗೆ ಬೆಂಗಳೂರಿನ ಕಡೆ ಹೋಗುವ ರೈಲು ಹೊರಡುವ ಹದಿನೈದು ನಿಮಿಷ ಮುಂಚೆ ಬಸ್ಸು ಸ್ಟೇಷನ್ ಮುಟ್ಟಬೇಕು. ಸಂಜೆ ರೈಲು ಬಂದ ಮೇಲೆ ಹತ್ತು ನಿಮಿಷ ಬಸ್ಸು ಕಾಯಬೇಕು, ರೈಲು ತಡವಾದರೆ ಬಸ್ಸೂ ತಡವಾಗಬೇಕು. ಬಸ್ ಕಡಿಮೆ ಇರುವ ಊರಿನಲ್ಲಿ ಇದೊಂದೇ ಉಪಾಯ. ವೇಳೆ ಗೊತ್ತಿದ್ದರೆ ಅರ್ಧ ಗಂಟೆಗೊಂದು ಬಸ್ಸಿಗೂ ಜನ ಐದು ನಿಮಿಷವಷ್ಟೇ ಕಾಯುತ್ತಾರೆ. ವೇಳಾಪಟ್ಟಿಯನ್ನು ಸ್ಟಾಪಿನ ಕಂಬಕ್ಕೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಹಾಕಿಸಿ. ಮೊಬೈಲ್ ಆ್ಯಪ್ ಆಮೇಲೆ ಬರಲಿ. ರೈಲ್ವೆ ಸ್ಟೇಷನ್ನಿಗೂ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣಕ್ಕೂ ನಡುವಿನ ದಾರಿ ಲಗೇಜ್ ಹಿಡಿದವರೂ ನಡೆಯಬಹುದಾದಂಥದ್ದು ಆಗಬೇಕು. ಇಡೀ ಊರಿನಲ್ಲಿ ಒಂದೇ ಫುಟ್‌ಪಾತ್ ಮಾಡಲು ದುಡ್ಡಿದೆ ಅಂದರೆ ನಾನು ಆರಿಸುವುದು ಅದನ್ನೇ.

ಇದೆಲ್ಲ ಆಗದಿರುವುದಕ್ಕೆ ದುಡ್ಡಿನ ಕೊರತೆಗಿಂತ ದೊಡ್ಡ ಕಾರಣ, ಒಂದು ಸ್ಟಾಪಿಗೆ ಐದು ಯಜಮಾನರು. ಫುಟ್‌ಪಾತ್ ಪಾಲಿಕೆಯದು, ದೊಡ್ಡ ರಸ್ತೆ ಕೆಲವೆಡೆ ಲೋಕೋಪಯೋಗಿ ಇಲಾಖೆಯದು, ಬಸ್ಸು ನಿಗಮದ್ದು, ಸರ್ಕಲ್ ಟ್ರಾಫಿಕ್ ಪೊಲೀಸರದು, ಸ್ಟೇಷನ್ ಆವರಣ ರೈಲ್ವೆಯದು. ಪಾಲಿಕೆಗೆ ಮಾತ್ರ ಅರ್ಜಿ ಕೊಟ್ಟರೆ ಅದು ಬೇರೆ ಇಲಾಖೆಗೆ ಸಂಬಂಧಿಸಿದ್ದು ಎಂಬ ಉತ್ತರ ಬರುತ್ತದೆ. ಒಂದೇ ಅರ್ಜಿಯನ್ನು ಐದೂ ಕಡೆ ಕೊಡಿ, ಜಿಲ್ಲಾಧಿಕಾರಿಗೆ ಪ್ರತಿ ಹಾಕಿ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಯಲ್ಲಿ ಇದನ್ನು ತೆಗೆದುಕೊಳ್ಳಿ ಎಂದು ಕೇಳಿ. ಆ ಸಭೆಯಲ್ಲಿ ಇವರಲ್ಲಿ ಹೆಚ್ಚಿನವರು ಒಂದೇ ಮೇಜಿಗೆ ಬರುತ್ತಾರೆ. ನಡೆಯುವವರಿಗೆ ಫುಟ್‌ಪಾತ್ ಇರಬೇಕಾದ್ದು ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದನ್ನೂ ಒಂದು ಸಾಲು ಬರೆಯಿರಿ.

ಅರ್ಜಿಗೆ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಸಂಘದವರು ಟೇಪು ಹಿಡಿದು ಹೊರಡಿ. ಜೊತೆಯಲ್ಲಿ ಕೋಲು ಹಿಡಿದು ನಡೆಯುವ ಒಬ್ಬ ಹಿರಿಯರೂ, ಮಗು ಎತ್ತಿಕೊಂಡ ಒಬ್ಬ ತಾಯಿಯೂ ಇರಲಿ. ಸ್ಟಾಪಿನಿಂದ ನಾಲ್ಕೂ ದಿಕ್ಕಿಗೆ ಅರ್ಧ ಕಿಲೋಮೀಟರ್ ನಡೆಯಿರಿ. ಅವರು ಎಲ್ಲೆಲ್ಲಿ ರಸ್ತೆಗಿಳಿದರೋ ಅಲ್ಲೊಂದು ಫೋಟೊ, ಅಗಲ ಎಷ್ಟು, ಎತ್ತರ ಎಷ್ಟು, ಅಡ್ಡ ಏನಿತ್ತು ಬರೆದುಕೊಳ್ಳಿ. ಸಂಜೆ ಕತ್ತಲಾದ ಮೇಲೆ ಅದೇ ದಾರಿ ಮತ್ತೊಮ್ಮೆ, ಈ ಸಲ ಬೀದಿದೀಪ ನೋಡಲು. ಇಂಥ ಹಾಳೆ ಕೈಯಲ್ಲಿದ್ದರೆ ಎಂಜಿನಿಯರಿಗೆ ಅಂದಾಜು ಪಟ್ಟಿ ಮಾಡುವುದು ಸುಲಭ. ಸಮಯವನ್ನೂ ನೋಡಿಕೊಳ್ಳಿ: ನಿಮ್ಮ ರಸ್ತೆಗೆ ಹೊಸದಾಗಿ ಟಾರು ಹಾಕುವ ಟೆಂಡರ್ ಆಗುವ ಮುಂಚೆ ಕೇಳಿದರೆ ಈ ಕೆಲಸಗಳನ್ನು ಅದರಲ್ಲೇ ಸೇರಿಸಬಹುದು. ಟಾರು ಬಿದ್ದ ಮೇಲೆ ಕೇಳಿದರೆ, ಮೊನ್ನೆ ತಾನೇ ರಸ್ತೆ ಆಗಿದೆಯಲ್ಲ ಎನ್ನುತ್ತಾರೆ.

ಸೈಕಲ್ ಈಗಲೇ ತೆಗೆದುಕೊಳ್ಳಿ, ಸ್ಟ್ಯಾಂಡ್ ಬರಲಿ ಎಂದು ಕಾಯಬೇಡಿ. ದುಬಾರಿಯದ್ದು ಬೇಡ, ಮಡ್‌ಗಾರ್ಡ್, ಚೈನ್ ಕವರ್, ಕ್ಯಾರಿಯರ್, ಗಂಟೆ ಇರುವ ಸಾದಾ ಲೇಡೀಸ್ ಸೈಕಲ್ ಸೀರೆಗೂ ಚೂಡಿದಾರಿಗೂ ಸರಿ. ಹಿಂದೆ ಕೆಂಪು ದೀಪ ಕಡ್ಡಾಯವಾಗಿ ಹಾಕಿಸಿ, ಸಂಜೆ ರೈಲು ಇಳಿದು ಬರುವಾಗ ಅದೇ ನಿಮ್ಮನ್ನು ಕಾಯುವುದು. ಏರು ಕಷ್ಟವಾದರೆ 250 ವ್ಯಾಟ್ ಒಳಗಿನ ಮೋಟಾರಿನ, ಗಂಟೆಗೆ 25 ಕಿಲೋಮೀಟರ್ ಮೀರದ ಎಲೆಕ್ಟ್ರಿಕ್ ಸೈಕಲ್ಲಿಗೆ ನೋಂದಣಿ ಬೇಕಿಲ್ಲ, ಬ್ಯಾಟರಿ ಬಿಚ್ಚಿ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುವಂಥದ್ದನ್ನೇ ಆರಿಸಿ. ಬೀಗ ಎರಡು ಬೇಕು, ಹಿಂದಿನ ಗಾಲಿಗೊಂದು, ಫ್ರೇಮನ್ನು ಕಂಬಕ್ಕೆ ಸೇರಿಸುವ ದಪ್ಪ ಸರಪಳಿ ಇನ್ನೊಂದು. ಸೈಕಲ್ ಸ್ಟ್ಯಾಂಡ್ ಬರುವವರೆಗೆ ಸ್ಕೂಟರ್ ಸ್ಟ್ಯಾಂಡಿನವರೊಂದಿಗೆ ತಿಂಗಳ ಲೆಕ್ಕ ಮಾತಾಡಿಕೊಳ್ಳಿ. ನಿಮ್ಮ ಹಾಗೆಯೇ ಇನ್ನೂ ಹತ್ತು ಜನ ಸೈಕಲ್ ತಂದರೆ ಜಾಗ ಬೇರೆ ಮಾಡಿಕೊಡಿ ಎಂದು ರೈಲ್ವೆಯವರನ್ನು ಕೇಳಲು ನಿಮಗೆ ಹತ್ತು ಸಹಿ ಸಿಕ್ಕಂತಾಯಿತು.